ಬೀಗರ ಕಟ್ಟೆಯ ಮೇಲೆ ಬಸ್ಸಿನ ವಾದ

ಮಗಳನ್ನು ಪಂಚಮಿಗೆ ಕರೆಯಲು ಹೋದಾಗ ಬೀಗರ ಮನೆಯಲ್ಲಿ ರಾಜಕೀಯ ತೆಗೆಯಬೇಡಿ. ಅವರು ತೆಗೆದರೂ ನೀವು ಚಹಾ ಕುಡಿಯುತ್ತ ಕೂಡ್ರಿ. ಈ ಮಾತನ್ನು ನಾನು ಬೈಲಹೊಂಗಲದಲ್ಲಿ ಹೆಣ್ಣು ಕೊಟ್ಟವರಿಗೆಲ್ಲ ಹೇಳುತ್ತೇನೆ, ಕೇಳಿದವರಿಗೂ ಕೇಳದವರಿಗೂ.

ನಮ್ಮ ಬೀಗರು ಹೂಲಿಯವರು. ಹೊಲ ಚೆನ್ನಾಗಿದೆ, ಬಾಯಿ ಕೆಟ್ಟದ್ದು. ಅವರದು ಒಂದು ಪಕ್ಷ, ನನ್ನದು ಇನ್ನೊಂದು. ಸಂಬಂಧ ಕೂಡಿಸುವಾಗ ಗೊತ್ತಿರಲಿಲ್ಲವೆಂದಲ್ಲ. ಹುಡುಗ ಒಳ್ಳೆಯವನು, ಮನೆಯಲ್ಲಿ ಹೈನವಿದೆ, ಮಗಳು ಒಪ್ಪಿದ್ದಾಳೆ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ. ಮಾಲೀಕ ಯಾರಿಗೆ ಓಟು ಹಾಕುತ್ತಾನೆಂದು ಯಾರೂ ಕೇಳುವುದಿಲ್ಲ. ನಾನು ಎತ್ತಿನ ಬಜಾರಿನಲ್ಲಿ ದಲ್ಲಾಳಿಯಾಗಿ ಶುರುಮಾಡಿ ಹಳೆ ಟ್ರ್ಯಾಕ್ಟರ್ ವ್ಯಾಪಾರಕ್ಕೆ ಬಂದವನು. ಅಪ್ಪ ನನಗೆ ಬಿಟ್ಟುಹೋದದ್ದು ಒಂದು ಬಾರುಕೋಲು. ಎದುರಿನವನನ್ನು ಮಾತಿನಲ್ಲಿ ಬಗ್ಗಿಸಿಯೇ ಮನೆ ಕಟ್ಟಿದ್ದೇನೆ.

ಮೊದಮೊದಲು ಜಗಳ ಫೋನಿನಲ್ಲೇ ನಡೆಯುತ್ತಿತ್ತು. ಅವರು ಬೆಳಿಗ್ಗೆ ನಮ್ಮ ನಾಯಕರನ್ನು ಕತ್ತೆಯ ಮೇಲೆ ಕೂರಿಸಿದ ಚಿತ್ರ ಕಳಿಸುವರು; ಮಧ್ಯಾಹ್ನದೊಳಗೆ ನಾನು ಅವರ ನಾಯಕರನ್ನು ಗಟಾರಕ್ಕೆ ಇಳಿಸಿ ಕಳಿಸುವೆ. ಅದರಾಚೆ ನಮ್ಮ ನಡುವೆ ಕ್ಷೇಮಸಮಾಚಾರ ಇರಲಿಲ್ಲ.

ನಮ್ಮ ಕಡೆ ಕರೆಯಲು ಯಾರಾದರೂ ಹೋಗದೆ ಹೆಣ್ಣುಮಗಳು ಪಂಚಮಿಗೆ ತವರಿಗೆ ಬರುವುದಿಲ್ಲ. ಬೀಗರು ಕಳಿಸುತ್ತೇವೆ ಅನ್ನದೆ ಕರೆತರುವಂತೆಯೂ ಇಲ್ಲ. ಅಣ್ಣತಮ್ಮಂದಿರು ಮಾಡುವ ಕೆಲಸ ಇದು. ನನ್ನ ಮಗಳಿಗೆ ಇಬ್ಬರೂ ಇಲ್ಲ, ಹಾಗಾಗಿ ನಾನೇ ಹೊರಟೆ. ಯುಗಾದಿಯಿಂದ ಅವಳ ಮುಖ ನೋಡದ ಹೆಂಡತಿ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಚೀಲ ತುಂಬಿಕೊಟ್ಟು, ಹಿತ್ತಲಿನ ಬೇವಿಗೆ ಆಗಲೇ ಜೋಕಾಲಿ ಹಾಕಿಸಿದ್ದಳು.

ಸವದತ್ತಿಯಲ್ಲಿ ಬಸ್ಸು ಬದಲಿಸಿದೆ. ಎರಡೂ ಬಸ್ಸಿನಲ್ಲಿ ತವರಿಗೆ ಹೊರಟ ಹೆಣ್ಣುಮಕ್ಕಳೇ. ಉಂಡಿ ಚೀಲ ಎದೆಗೆ ಒತ್ತಿಕೊಂಡು ನಿಂತೇ ಹೂಲಿ ಮುಟ್ಟಿದಾಗ ಕಾಲು ನೋಯುತ್ತಿದ್ದವು, ತಲೆ ಕಾದಿತ್ತು. ಬೀಗರು ಊರಿನ ನಾಲ್ಕಾರು ಮಂದಿಯ ಜೊತೆ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು.

“ಬರ್ರಿ ಬೀಗ್ರ. ಮಾರಿ ಯಾಕ ಬಾಡೇತಿ? ನಿಂತ ಬಂದ್ರೇನು?”

“ಕುಂಡ್ರಾಕ ಜಾಗಾ ಎಲ್ಲೈತ್ರಿ? ನಿಮ್ಮ ಸರಕಾರ ಹೆಣ್ಣಮಕ್ಕಳಿಗೆ ಪುಕ್ಕಟೆ ಬಸ್ ಬಿಟ್ಟೈತಿ. ರೊಕ್ಕಾ ಕೊಟ್ಟಾಂವ ನಾನು, ಜೋತಾಡಕೋಂತ ಬಂದಾಂವನೂ ನಾನ.”

“ಇಷ್ಟ ವರ್ಷ ಅವರು ಮನ್ಯಾಗ ಕುಂತ್ರು, ನೀವು ಸೀಟಿನ್ಯಾಗ ಕುಂತ್ರಿ. ಈಗ ಚೂರು ನಿಂದರ್ರಿ. ಕಾಲು ಸವೀತಾವೇನು?”

ಕಟ್ಟೆಯ ಮೇಲಿದ್ದವರು ನಕ್ಕರು. ಆ ನಗು ಇರದಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆ.

“ಹಂಚೂದು ಯಾರ ಮನೀದು? ನಾ ಕಟ್ಟೂ ತೆರಿಗಿ ಅದು.”

“ನಿಮ್ಮಾವ್ರು ಹಂಚಿದ್ರ ಪ್ರಸಾದ, ನಮ್ಮಾವ್ರು ಹಂಚಿದ್ರ ತೆರಿಗಿ. ಇರ್ಲಿ ಬಿಡ್ರಿ. ಈಗ ಮಗಳನ್ನ ಕರ್ಕೊಂಡ ಹೊಂಟೀರಲ್ಲ, ಆಕಿಗೆ ಪುಕ್ಕಟೆ ತಿಕೀಟ ತಗಸ್ತೀರೋ, ರೊಕ್ಕಾ ಕೊಡ್ತೀರೋ?”

“ರೊಕ್ಕಾ ಕೊಡತೇನಿ. ನನ್ನ ಮಗಳಿಗೆ ಭಿಕ್ಷಾದ ತಿಕೀಟ ಬ್ಯಾಡ.”

ಚಹಾ ಹಿಡಿದು ಹೊಸ್ತಿಲಿಗೆ ಬಂದಿದ್ದ ಬೀಗತಿ ತಟ್ಟೆಯ ಸಮೇತ ಒಳಗೆ ಹೋದರು.

“ನನ್ನ ಹೇಣ್ತಿ, ನನ್ನ ಸೊಸಿ ಅದ ತಿಕೀಟ ಹಿಡಕೊಂಡು ಅಡ್ಡಾಡ್ಯಾರ,” ಎಂದರು ಬೀಗರು, ದನಿ ಏರಿಸದೆ. “ನನ್ನ ಮನೀ ಹೆಣ್ಣಮಕ್ಕಳು ಭಿಕ್ಷಾ ಬೇಡಾವ್ರು ಅಂದಂಗಾತು. ಕಳಸತೇನ್ರಿ ಬೀಗ್ರ. ಖರೆ ಆಕಿ ಪುಕ್ಕಟೆ ತಿಕೀಟಿನ ಮ್ಯಾಲ ಹೋಗಬೇಕು. ನನ್ನ ಮಗಾ ಸವದತ್ತಿ ತನಕಾ ಬಂದು ನೋಡತಾನ. ಇಲ್ಲಂದ್ರ ಕಳಸೂದಿಲ್ಲ.”

ಎತ್ತಿನ ಬಜಾರಿನಲ್ಲಿ ನಾವು ದರವನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲಿ ಒತ್ತಿ ಹೇಳುತ್ತೇವೆ. ಒಬ್ಬ ಇಳಿದರೂ ಏರಿದರೂ ನಿಂತ ಮಂದಿಗೆ ತಿಳಿಯುವುದಿಲ್ಲ, ಮಾನ ಉಳಿಯುತ್ತದೆ. ಕಟ್ಟೆಯ ಮೇಲೆ ಅಷ್ಟು ಜನರೆದುರು ಬಾಯಿಬಿಟ್ಟು ಆಡಿದ ಮಾತಿನಿಂದ ನಾನೂ ಇಳಿಯಲಾರೆ, ಅವರೂ ಇಳಿಯಲಾರರು.

ಬಾಡಿಗೆ ಕಾರು ತರಿಸುತ್ತೇನೆ ಎಂದೆ. “ಹೆದರಿ ಕಾರ್ ಹತ್ತಿದ್ರು ಅಂತ ಊರಾಗ ಹೇಳಲೇನು?” ಎಂದರು. ನಾಳೆ ನಿಮ್ಮ ಮಗನೇ ಬೈಕಿನ ಮೇಲೆ ಬಿಡಲಿ ಎಂದೆ. ಅದೂ ಆಗಲಿಲ್ಲ. ಕಡೆಗೆ ನನ್ನ ವ್ಯಾಪಾರದ ಬುದ್ಧಿ ಕೆಲಸ ಮಾಡಿತು.

“ಬೀಗ್ರ, ಹೂಲಿಯಿಂದ ಸವದತ್ತಿಗೆ ನಿಮ್ಮ ತಿಕೀಟ. ಸವದತ್ತಿಯಿಂದ ಬೈಲಹೊಂಗಲಕ್ಕ ನನ್ನ ತಿಕೀಟ. ನಿಮ್ಮದೂ ಉಳೀತು, ನಂದೂ ಉಳೀತು.”

ಅವರು ಮೀಸೆಯ ಮೇಲೆ ಕೈಯಾಡಿಸುತ್ತ ಪಕ್ಕದವರ ಮುಖ ನೋಡಿದರು. ಯಾರೂ ನಗಲಿಲ್ಲ. “ಹೂಂ. ಹಂಗಾದ್ರ ಆಗ್ಲಿ,” ಎಂದರು. ಕೆಟ್ಟ ಎಂಜಿನ್ನಿನ ಗಾಡಿಯನ್ನು ಗಿರಾಕಿಗೆ ದಾಟಿಸಿದಷ್ಟು ಹಗುರಾಯಿತು ನನಗೆ.

ಆಗ ಮಗಳು ಹೊರಗೆ ಬಂದಳು. ಉಟ್ಟದ್ದು ಮನೆಯ ಸೀರೆ, ಕೈಯಲ್ಲಿ ಚೀಲವಿಲ್ಲ.

“ಮುಗೀತೇನಪಾ ವ್ಯಾಪಾರ?” ಎಂದಳು. “ಅರ್ಧಾ ದಾರಿ ಇವರ ಸೊಸಿ, ಅರ್ಧಾ ದಾರಿ ನಿನ್ನ ಮಗಳು. ಕಂಡಕ್ಟರ್ ಮುಂದ ನಿಂತು ನಾ ಯಾವ ಪಕ್ಷದಾಕಿ ಅಂತ ಹೇಳ್ಲಿ? ನಾ ಬರೂದಿಲ್ಲ. ಅವ್ವಗ ಹೇಳು.”

“ಅದರಾಗೇನೈತಿ ಮಗಳ, ಬರೇ ತಿಕೀಟ—”

“ಬರೇ ತಿಕೀಟ ಆಗಿದ್ರ ಇಷ್ಟೊತ್ತು ಯಾಕ ಕುಂತಿದ್ರಿ?”

ಬೀಗರು ಕಟ್ಟೆಯವರ ಕಡೆ ತಿರುಗಿ, “ಕೇಳಿದ್ರಿಲ್ಲೋ? ನಮ್ಮ ಸೊಸಿ ನಮ್ಮ ಮಾತಿಗೆ ನಿಂತಾಳ,” ಎಂದರು.

“ನಿಮ್ಮ ಮಾತಿಗೂ ನಿಂತಿಲ್ರಿ ಮಾವಾರ. ಈ ಮನ್ಯಾಗೂ ಈ ಸಲ ನಾ ಉಂಡಿ ಕಟ್ಟೂದಿಲ್ಲ.”

ಅಷ್ಟು ಹೇಳಿ ಒಳಗೆ ಹೋದಳು. ಉಂಡಿ ಚೀಲವನ್ನು ಕಟ್ಟೆಯ ಮೇಲಿಟ್ಟೆ. ಬೀಗರು ಅದನ್ನು ಮುಟ್ಟಲಿಲ್ಲ, ನಾನು ಎತ್ತಿಕೊಳ್ಳಲಿಲ್ಲ. ಬರತೇನಿ ಅನ್ನದೆ ನಾನು ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಪುಕ್ಕಟೆ ತಿಕೀಟಿನ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಅದೇ. ಬೀಗರದೂ ಬದಲಾಗಿಲ್ಲವೆಂದು ಕೇಳಿದ್ದೇನೆ. ಆದರೆ ಏನನ್ನಾದರೂ ಕೇಳಲು ಹೋದ ಮನೆಯಲ್ಲಿ ವಾದ ಗೆಲ್ಲಲು ಹೋಗಬಾರದು. ಮೊದಲು ಮಗಳನ್ನು ಬಸ್ಸು ಹತ್ತಿಸಿ, ಕಿಟಕಿಯಿಂದ ಬೇಕಾದರೆ ಬೈಯಿರಿ.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಹೆಂಡತಿ ಯಾರದು ಸರಿ ಎಂದು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಜೋಕಾಲಿಯ ಹಗ್ಗ ಬಿಚ್ಚಿಸಿ, ಮಗಳಿಗೆ ತೆಗೆದಿಟ್ಟಿದ್ದ ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ತಾನೇ ಹೂಲಿಗೆ ಹೊರಟಳು. ತಾಯಿ ಹಬ್ಬಕ್ಕೆ ಬೀಗರ ಮನೆಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ, ಮಂದಿ ಏನೆಂದಾರು ಎಂದೆ.

“ರೊಟ್ಟಿ ಬುಟ್ಟ್ಯಾಗ ಅದಾವ,” ಎಂದಳು. “ಹಬ್ಬಾ ನಿಮ್ಮ ಪಕ್ಷದಾವ್ರ ಜೋಡಿ ಮಾಡ್ರಿ.”