ಎಡ ಭುಜಕ್ಕೆ ಹತ್ತಿದ ಬಳ್ಳಿ

ಸಿನಿಮಾಕ್ಕೆ ಎರಡು ಬದಿ ಇದ್ದ ಕಾಲವದು. ನಾಶಿಕದ ಹತ್ತಿರದ ದೇವಳಾಲಿ ಮಿಲಿಟರಿ ಕ್ಯಾಂಪಿನ ಮೈದಾನದಲ್ಲಿ ಶನಿವಾರ ಹೊತ್ತು ಮುಳುಗುತ್ತಲೇ ಎರಡು ಕಂಬಗಳ ನಡುವೆ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಅದರ ಮುಂದೆ ಕುರ್ಚಿ ಹಾಕಿಕೊಂಡು ಫೌಜಿನವರ ಕುಟುಂಬಗಳು ಕೂರುತ್ತಿದ್ದವು. ಹಿಂದೆ, ಹುಲ್ಲಿನ ಮೇಲೆ ಚಾಪೆ ಹಾಸಿಕೊಂಡು ನಾವು: ಅಂಗಡಿಯವರು, ಧೋಬಿಗಳು, ಸ್ಟೇಷನ್ನಿನ ಹಮಾಲರು. ಹೀಗೇ ಕೂರಿ ಎಂದು ಯಾರೂ ಹೇಳಿರಲಿಲ್ಲ, ಹಾಗೇ ರೂಢಿಯಾಗಿತ್ತು. ಬಟ್ಟೆ ತೆಳ್ಳಗಿದ್ದುದರಿಂದ ಚಿತ್ರ ನಮ್ಮ ಕಡೆಗೂ ಮೂಡುತ್ತಿತ್ತು, ಎಡಬಲ ಅದಲುಬದಲಾಗಿ. ನಮ್ಮ ಹೀರೋಗಳೆಲ್ಲ ಎಡಗೈಯಲ್ಲೇ ಉಣ್ಣುವವರು, ಎಡಗೈಯಲ್ಲೇ ವಿಲನ್ನಿನ ಕೆನ್ನೆಗೆ ಬಾರಿಸುವವರು. ತಿರುಗುಮುರುಗಾಗಿ ಬರುವ ಹೆಸರುಗಳನ್ನು ಯಾರು ಮೊದಲು ಓದುತ್ತಾರೆಂಬುದು ನಮ್ಮ ಮಕ್ಕಳ ಪಂದ್ಯ. ಗೆದ್ದವರಿಗೆ ಸೋತವರ ಪೊಟ್ಟಣದಿಂದ ಒಂದು ಹಿಡಿ ಹುರಿದ ಶೇಂಗಾ.

ಅಪ್ಪ ಭಾಲ್ಕಿಯಿಂದ ಬಂದು ಸ್ಟೇಷನ್ ರಸ್ತೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. ಅವ್ವ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಅವಳಿಗೆ ಸಿನಿಮಾ ಎಂದರೆ ಕತೆಯಲ್ಲ, ಬಟ್ಟೆ. ಹೀರೋಯಿನ್ ಅಳುವಾಗ ನಾವೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರೆ ಅವ್ವ, “ತೋಳಿಗಿ ನಿರಿಗಿ ಎಷ್ಟ್ ಛಂದ ಇಟ್ಟಾರ ನೋಡು” ಎನ್ನುತ್ತಿದ್ದಳು.

“ಸುಮ್ಮ ಕೂಡ್ರಿ ಅಕ್ಕಾರ, ಆಕಿ ಗಂಡ ಸತ್ತಾನ” ಎಂದು ಪಕ್ಕದವರು ಗದರುತ್ತಿದ್ದರು.

ಮನೆಗೆ ಬಂದವಳೇ ರೊಟ್ಟಿಗೆ ಹಿಟ್ಟು ನಾದುವುದನ್ನೂ ಬಿಟ್ಟು ಸೀಮೆಸುಣ್ಣ ಹಿಡಿದು ಆ ಕುಪ್ಪಸವನ್ನೋ ಕುರ್ತಾವನ್ನೋ ನೆಲದ ಮೇಲೆ ಬರೆಯುತ್ತಿದ್ದಳು. ಕಂಡ ಎಡವನ್ನು ಬಲ ಮಾಡಿ, ಬಲವನ್ನು ಎಡ ಮಾಡಿ ಬರೆಯುವುದು ಅವಳಿಗೆ ಉಸಿರಾಡಿದಷ್ಟು ಸಲೀಸು. ಹಿಂದೆ ಕೂತು ನೋಡಿದರೂ ಅವಳ ಕತ್ತರಿ ಒಮ್ಮೆಯೂ ತಪ್ಪಿರಲಿಲ್ಲ. ಅದೇ ಅವಳ ಹೆಮ್ಮೆ.

ಆ ಚಳಿಗಾಲದಲ್ಲಿ ಕ್ಯಾಂಪಿನ ಹೆಂಗಸರ ಹೊಲಿಗೆ ತರಗತಿಗೆ ಕಲಿಸುವವರೊಬ್ಬರು ಬೇಕಾಗಿದ್ದರು. ಅವ್ವನಿಗೆ ಆ ಜಾಗದ ಮೇಲೆ ಎಂಥ ಆಸೆ! “ನಾಕು ಮಂದಿ ನನಗ ಟೀಚರ್ ಅನ್ನಬೇಕು ನೋಡು” ಎಂದು ಮಷೀನು ತುಳಿಯುತ್ತಲೇ ಹೇಳುತ್ತಿದ್ದಳು. ಅವಳಿಂದ ಬಟ್ಟೆ ಹೊಲಿಸಿಕೊಳ್ಳುತ್ತಿದ್ದ ಸುಷ್ಮಾ ಮೇಡಂ ಒಬ್ಬ ಕ್ಯಾಪ್ಟನ್ನರ ಹೆಂಡತಿ. ಕ್ಲಬ್ಬಿನಲ್ಲಿ ಸಿನಿಮಾ ವೇಷದ ಸಂಜೆ ಇತ್ತು. ಈ ಶನಿವಾರದ ಚಿತ್ರದ ಹೀರೋಯಿನ್ ತೊಡುವ ಕುರ್ತಾ ಹೊಲಿದುಕೊಡು, ಎಲ್ಲರೂ ನೋಡಲಿ, ಆಮೇಲೆ ನಿನ್ನ ಹೆಸರು ನಾನೇ ಹೇಳುತ್ತೇನೆ ಎಂದರು. “ಬಿಲ್ಕುಲ್ ವೈಸಾ ಹೀ ಚಾಹಿಯೇ”, ಥೇಟ್ ಹಾಗೇ ಇರಬೇಕು, ಎಂದೂ ಸೇರಿಸಿದರು. ಸರಿಯಾಗಿ ಕಾಣಲಿ ಎಂದು ಅವ್ವನನ್ನು ಅಂದು ಪರದೆಯ ಮುಂದೆ, ತಮ್ಮ ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡರು.

ಅವ್ವ ಜೀವನದಲ್ಲಿ ಮೊದಲ ಸಲ ಮುಂದೆ ಕೂತಿದ್ದಳು. ನಾನು ಅವಳ ಕಾಲ ಬಳಿ ಕೂತಿದ್ದೆ. ಮೇಡಂ ಅವರ ಪೌಡರಿನ ಪರಿಮಳ, ಯಾರದೋ ಫ್ಲಾಸ್ಕಿನ ಏಲಕ್ಕಿ ಚಹಾ. ಅವ್ವ ಬೆನ್ನು ನೆಟ್ಟಗೆ ಮಾಡಿಕೊಂಡು ರೆಪ್ಪೆ ಮಿಟುಕಿಸದೆ ನೋಡಿದಳು. ಕುರ್ತಾದ ಅಂಚಿನಿಂದ ಹೊರಟ ಕಸೂತಿಯ ಬಳ್ಳಿಯೊಂದು ಹೀರೋಯಿನ್ನಿನ ಬಲ ಭುಜಕ್ಕೆ ಹತ್ತಿ ಅಲ್ಲಿ ಹೂ ಬಿಟ್ಟಿತ್ತು. ಮನೆಗೆ ಬಂದು ಸೀಮೆಸುಣ್ಣ ಹಿಡಿದಾಗ ಅವಳ ಕೈ ಎಂದಿನಂತೆ ಎಡಬಲ ತಿರುಗಿಸಿತು. ಬಳ್ಳಿ ಎಡ ಭುಜಕ್ಕೆ ಹತ್ತಿತು.

ವಾರವಿಡೀ ಅವಳು ಬೇರೆ ಬಟ್ಟೆ ಮುಟ್ಟಲಿಲ್ಲ. ಮೇಡಂ ಬಂದು ಕುರ್ತಾ ತೊಟ್ಟು ನಮ್ಮ ಗೋಡೆಯ ಕನ್ನಡಿಯ ಮುಂದೆ ನಿಂತರು. ಕನ್ನಡಿಯಲ್ಲಿ ಅದು ಪರದೆಯ ಮೇಲಿನ ಕುರ್ತಾದ ಹಾಗೇ ಕಂಡಿತು, ನೂಲಿನಷ್ಟೂ ವ್ಯತ್ಯಾಸವಿಲ್ಲ. ಕನ್ನಡಿಯೂ ಎಡಬಲ ತಿರುಗಿಸಿಯೇ ತೋರಿಸುತ್ತದೆಂಬುದು ಯಾರಿಗೂ ಹೊಳೆಯಲಿಲ್ಲ. ಮೇಡಂ ಅವ್ವನ ಎರಡೂ ಕೈ ಹಿಡಿದುಕೊಂಡರು. ಅವ್ವ ಆ ದಿನ ನಮಗೆ ಹೂರಣದ ಹೋಳಿಗೆ ಮಾಡಿ ಹಾಕಿದಳು.

ಮರುದಿನ ಮಧ್ಯಾಹ್ನ ಮೇಡಂ ಮತ್ತೆ ಬಂದರು. ಹಿಂದಿನ ಸಂಜೆ ಕ್ಲಬ್ಬಿಗೆ ಬಂದಿದ್ದವರೆಲ್ಲ ಮುಂದೆ ಕೂತು ಸಿನಿಮಾ ನೋಡಿದವರೇ. ಇವರು ಒಳಗೆ ಕಾಲಿಡುತ್ತಲೇ ಯಾರೋ “ಉಲ್ಟಾ ಹೀರೋಯಿನ್ ಆಯೀ” ಎಂದರಂತೆ, ಇಡೀ ಹಾಲ್ ನಕ್ಕಿತಂತೆ. ಅವರು ಸಿಟ್ಟಿನಿಂದೇನೂ ಹೇಳಲಿಲ್ಲ. ಆದರೆ ಹೊಲಿಗೆ ತರಗತಿಯ ಮಾತೆತ್ತದೆ, ಚಹಾ ಕುಡಿಯದೆ, ಕುರ್ತಾವನ್ನು ಅಲ್ಲೇ ಬಿಟ್ಟು ಹೋದರು.

ಅವ್ವ ಕುರ್ತಾವನ್ನು ಮಡಿಲಲ್ಲಿ ಹರಡಿಕೊಂಡಳು. ಕೈಯನ್ನು ಅದರ ಬಲ ಭುಜದ ಮೇಲಿಟ್ಟಳು, ಆಮೇಲೆ ಎಡ ಭುಜದ ಮೇಲೆ. ಅಪ್ಪ ಬಾಗಿಲಲ್ಲಿ ನಿಂತು, “ಏನಾಯ್ತು?” ಎಂದ.

“ಅವತ್ತು ನಾ ಮುಂದ ಕುಂತಿದ್ದೆ” ಎಂದಳು ಅವ್ವ. “ಮುಂದ ಕುಂತೀನಿ ಅನ್ನೋದೇ ಮರ್ತಬಿಟ್ಟೆ.”

“ಇರ್ಲಿ ಬಿಡು. ಇನ್ನೊಂದ್ ಹೊಲದ್ರ ಆಯ್ತು.”

ಅವ್ವ ಕುರ್ತಾ ಮಡಿಸಿ ಪೆಟ್ಟಿಗೆಗೆ ಹಾಕಿದಳು. ಹೊಲಿಗೆ ತರಗತಿಗೆ ನಾಶಿಕದಿಂದ ಬೇರೆ ಯಾರೋ ಬಂದರು. ಗಂಡನಿಗೆ ವರ್ಗವಾಗಿ ಸುಷ್ಮಾ ಮೇಡಂ ಕೂಡ ಊರು ಬಿಟ್ಟರು. ಅವ್ವ ಹೊಲಿಯುವುದನ್ನು ಬಿಡಲಿಲ್ಲ. ಶಾಲೆಯ ಸಮವಸ್ತ್ರ, ದಿಂಬಿನ ಚೀಲ, ಲಂಗ. ಶನಿವಾರ ನಮ್ಮೊಡನೆ ಚಾಪೆಯ ಮೇಲೆ ಬಂದು ಕೂರುತ್ತಲೂ ಇದ್ದಳು. ನೆಲದ ಮೇಲೆ ಬರೆಯುವುದು ಮಾತ್ರ ನಿಂತುಹೋಯಿತು. ಅದು ನಿಂತಿದೆಯೆಂದು ನನಗೆ ಗೊತ್ತಾಗಲು ಬಹಳ ದಿನ ಬೇಕಾಯಿತು.

ನಾನೀಗ ಸಂಭಾಜಿನಗರದಲ್ಲಿದ್ದೇನೆ. ಸಿನಿಮಾ ಹುಚ್ಚು ಬಿಟ್ಟಿಲ್ಲ, ಬಟ್ಟೆ ನೋಡುವ ಚಾಳಿಯೂ ಬಿಟ್ಟಿಲ್ಲ. ಇಲ್ಲಿನ ಮಾಲಿನ ಥಿಯೇಟರಿನಲ್ಲಿ ಎಲ್ಲರೂ ಮುಂದೆಯೇ ಕೂರುತ್ತಾರೆ. ಇಂಟರ್ವಲ್ ಮುಗಿಯುವುದರೊಳಗೆ ನನ್ನ ಮಗಳು ಹೀರೋಯಿನ್ನಿನ ಜಾಕೀಟನ್ನು ಫೋನಿನಲ್ಲಿ ಹುಡುಕಿ, “ಮಮ್ಮಿ, ಹೇ ಬಘ್, ಸೇಮ್ ಟು ಸೇಮ್” ಎಂದು ತೋರಿಸುತ್ತಾಳೆ. ಮೂರನೆಯ ದಿನ ಅದು ಬಾಗಿಲಿಗೆ ಬರುತ್ತದೆ. ಕಣ್ಣಲ್ಲಿ ತುಂಬಿಕೊಂಡು ಮನೆಯವರೆಗೆ ಹೊತ್ತು ತರುವ ಕಷ್ಟ ಈಗ ಯಾರಿಗೂ ಇಲ್ಲ. ಆ ಕಷ್ಟವನ್ನು ಅಷ್ಟು ಪ್ರೀತಿಯಿಂದ ಪಡುತ್ತಿದ್ದ ಒಬ್ಬಳನ್ನು ನಾನು ಬಲ್ಲೆ, ಅದಕ್ಕೇ ಅದರ ಬೆಲೆ ಗೊತ್ತು.

ತೀರಿಕೊಳ್ಳುವ ಹಿಂದಿನ ವರ್ಷ ಅವ್ವ ನಮ್ಮಲ್ಲಿಗೆ ಬಂದಿದ್ದಳು. ಒಳ್ಳೆಯ ಸೀರೆಗಳಿರುವ ಸಿನಿಮಾವೆಂದು ಕೇಳಿ, ಬೇಕೆಂತಲೇ ಅದಕ್ಕೆ ಕರೆದುಕೊಂಡು ಹೋದೆ. ನಡುಸಾಲಿನಲ್ಲಿ, ಪರದೆಗೆ ನೇರವಾಗಿ ಕೂರಿಸಿದೆ. ಹೊರಗೆ ಬಂದ ಮೇಲೆ ತಡೆಯಲಾರದೆ ಕೇಳಿದೆ: “ಅವ್ವಾ, ಆಕಿ ಮದುವಿ ಸೀರಿ ಹೆಂಗಿತ್ತು?”

“ಸೀರಿ ನೋಡಲಿಲ್ಲವ್ವ” ಎಂದಳು. “ಮಾರಿ ಅಷ್ಟೇ ನೋಡ್ದೆ. ಪಾಪ, ಭಾಳ ಅತ್ತಳು.”