ಲೇತಿನ ಮೇಲೆ ಬಿಟ್ಟ ಉಳಿ

ಇವತ್ತು ಬೆಳಿಗ್ಗೆ ಬೆಂಗಳೂರಿನ ನಮ್ಮ ಆಫೀಸಿನ ಗುಮಾಸ್ತ ಶಿವಣ್ಣನವರು ಮೇಣದಬತ್ತಿ ಹಚ್ಚಿಕೊಂಡು ಒಂದು ಲಕೋಟೆಗೆ ಅರಗು ಹಾಕುತ್ತಿದ್ದರು. ಮುಚ್ಚಿದ ಲಕೋಟೆಯಲ್ಲಿ ಕೊಡಿ ಎಂದು ಟ್ರಿಬ್ಯೂನಲ್ ಹೇಳಿದರೆ ನಮ್ಮಲ್ಲಿ ಈಗಲೂ ಹೀಗೇ. ಮಿಕ್ಕಿದ್ದೆಲ್ಲ ಕಂಪ್ಯೂಟರಿನಲ್ಲಿ ನಡೆದುಹೋಗುತ್ತದೆ, ಇದೊಂದಕ್ಕೆ ಮಾತ್ರ ಬೆಂಕಿ ಬೇಕು. ಕೆಂಪು ಕಡ್ಡಿ ಕರಗಿ ತೊಟ್ಟಿಕ್ಕಿತು, ವಾಸನೆ ಮೂಗಿಗೆ ಬಂತು. ನಿಮಗೆ ಆ ವಾಸನೆಯಿಂದ ಅಂಚೆ ಕಚೇರಿ ನೆನಪಾಗಬಹುದು. ನನಗೆ ಚನ್ನಪಟ್ಟಣ. ಅಲ್ಲಿ ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಗೊಂಬೆ ಕೆಲಸದವರ ಬೀದಿಯಲ್ಲಿ ಹುಟ್ಟಿ ಬೆಳೆದ ನನಗೆ ಅದು ಅಡುಗೆಮನೆಯ ವಾಸನೆಯಷ್ಟೇ ಮಾಮೂಲು.

ಮೇಜಿನ ಮೇಲೆ ನಿನ್ನೆ ಬಂದ ಒಂದು ಆದೇಶದ ಪ್ರತಿ ಇತ್ತು. ಅದು ಹಾರಬಾರದೆಂದು ಅದರ ಮೇಲೊಂದು ಉಳಿ ಇಟ್ಟಿದ್ದೆ. ನಾಲ್ಕು ವರ್ಷದಿಂದ ಆ ಉಳಿ ನನ್ನ ಮೇಜಿನ ಮೇಲೇ ಇತ್ತು. ಅರಗು ಹಾಕಿದ ಲಕೋಟೆ ಒಡೆಯಲು ಅದಕ್ಕಿಂತ ಒಳ್ಳೆಯ ಸಾಮಾನು ಇಲ್ಲ. ವಕೀಲೆಯ ಮೇಜಿನ ಮೇಲೆ ಬಡಗಿಯ ಉಳಿ ಯಾಕೆ ಎಂದು ಕೇಳಿದವರಿಗೆಲ್ಲ ನಗಾಡಿ ಬೇರೆ ಮಾತು ತೆಗೆಯುತ್ತಿದ್ದೆ. ನಿಮಗೆ ಹೇಳುತ್ತೇನೆ.

ಅದಕ್ಕೆ ಮೊದಲು ನನ್ನ ಕೆಲಸ ಏನೆಂದು ಹೇಳಬೇಕು. ಸಾಲ ತೀರಿಸಲಾಗದೆ ಕೈಚೆಲ್ಲಿದ ಕಂಪನಿಗಳನ್ನು ಟ್ರಿಬ್ಯೂನಲ್ ಒಬ್ಬ ಅಧಿಕಾರಿಯ ಕೈಗೆ ಕೊಡುತ್ತದೆ. ಅವರು ಅದನ್ನು ನಡೆಸುವ ಹೊಸಬರು ಸಿಗುತ್ತಾರೋ ಎಂದು ಹುಡುಕುತ್ತಾರೆ. ಸಿಗದಿದ್ದರೆ ಕಂಪನಿಯನ್ನು ಬಿಡಿಬಿಡಿಯಾಗಿ ಮಾರಿ ಮುಚ್ಚುತ್ತಾರೆ. ಹಾಗೆ ಮಾರಿ ಮುಚ್ಚುವವರಿಗೆ ಲಿಕ್ವಿಡೇಟರ್ ಎಂದು ಹೆಸರು. ನಾನು ಇಂಥವರ ವಕೀಲೆ. ಇಷ್ಟನ್ನು ಎಂಟು ಹತ್ತು ವರ್ಷದಿಂದ ಬಿಡಿಸಿ ಹೇಳುತ್ತಿದ್ದರೂ ನೆಂಟರಿಗೆ ನಾನು 'ದಿವಾಳಿ ಲಾಯರ್ರು'. ನಮ್ಮ ಚಿಕ್ಕಪ್ಪನ ಮಗ ಕನಕಪುರದಲ್ಲಿ ಹಾರ್ಡ್‌ವೇರ್ ಅಂಗಡಿ ತೆರೆದಾಗ ಮನೆಗೆ ಬಂದು ಅರಿಶಿನ ಕುಂಕುಮ ಕೊಟ್ಟು ಕರೆದ. ಹೊರಡುವಾಗ ಬಾಗಿಲಲ್ಲಿ ನಿಂತು, "ಅಕ್ಕಾ, ನೀನು ಸಂದ್ಯಾಕಡೆ ಬಾ, ಪೂಜೆಯೆಲ್ಲಾ ಆಗೋದ್ಮೇಲೆ" ಎಂದ. ನಮ್ಮವ್ವನಿಗೆ ಮಾತ್ರ ನನ್ನ ಕೆಲಸದ ಮೇಲೆ ಅಪಾರ ಅಭಿಮಾನ. ಈಗ ನಾವಿರುವ ರಾಮನಗರದ ಮನೆಗೆ ಯಾರೇ ಬಂದರೂ, "ನಮ್ಮ ಮಗಳು ಕಂಪ್ನಿಗೋಳ ತಿಥಿ ಮಾಡ್ಸೋ ಲಾಯರ್ರು ಕಣವ್ವ" ಎನ್ನುತ್ತಾಳೆ. ಕೇಳಿದವರು ಕಾಫಿ ಬೇಗ ಕುಡಿದು ಎದ್ದುಬಿಡುತ್ತಾರೆ.

ತಿಥಿ ಮಾಡಿಸುವವರು ಅಳಬಾರದು. ನಾನೂ ಅದನ್ನೇ ಪಾಲಿಸಿಕೊಂಡು ಬಂದವಳು. ಸಕ್ಕರೆ ಕಾರ್ಖಾನೆ, ಬಟ್ಟೆ ಗಿರಣಿ, ಒಂದು ಆಸ್ಪತ್ರೆ, ಎಲ್ಲದರ ಬಾಗಿಲಿಗೂ ಅರಗು ಒತ್ತಿಸಿ ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದ್ದೇನೆ. ಆಮೇಲೊಂದು ದಿನ ಚನ್ನಪಟ್ಟಣದ ಹೆದ್ದಾರಿ ಪಕ್ಕದ ಒಂದು ಗೊಂಬೆ ಕಾರ್ಖಾನೆಯ ಫೈಲು ಬಂತು. ಹೊರದೇಶಕ್ಕೆ ಗೊಂಬೆ ಕಳಿಸುತ್ತಿದ್ದ ಕಂಪನಿ, ನಿಂತುಹೋಗಿ ಎಂಟು ತಿಂಗಳಾಗಿತ್ತು. "ನಿಮ್ಮೂರೇ ಅಲ್ವಾ ಮೇಡಂ, ನೀವು ಬಂದರೆ ಜನ ಗಲಾಟೆ ಮಾಡಲ್ಲ" ಎಂದರು ಲಿಕ್ವಿಡೇಟರ್. ಲೆಕ್ಕ ಪರಿಶೋಧಕರು ಅವರು, ಮಿತಭಾಷಿ. ನಾನು ಉಬ್ಬಿಹೋದೆ.

ಬೆಲೆ ಕಟ್ಟಲು ಬಂದಿದ್ದ ಎಂಜಿನಿಯರ್ ಒಂದೊಂದೇ ಸಾಮಾನು ಕೂಗುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಲೇತ್ ಮಿಷನ್ ಇಪ್ಪತ್ತೆರಡು. ಹಾಲೆ ಮರದ ತುಂಡು, ಒಂದು ರಾಶಿ. ಅರಗಿನ ಕಡ್ಡಿ, ಮೂರು ಡಬ್ಬ. ಪ್ರತಿ ಲೇತಿನ ಪಕ್ಕದಲ್ಲೂ ಐದಾರು ಉಳಿ ಸಾಲಾಗಿ ಮಲಗಿದ್ದವು. ಅವನ್ನೆಲ್ಲ ಬಳಿದು ಗೋಣಿಚೀಲಕ್ಕೆ ತುಂಬಿಸಿದರು. "ಹಳೇ ಉಳಿ, ಒಂದು ಚೀಲ" ಎಂದರು ಎಂಜಿನಿಯರ್. ಹಳೇ ಉಳಿ, ಒಂದು ಚೀಲ, ಎಂದು ಬರೆದೆ. ಬರೆದು ಕೆಳಗೆ ರುಜುವನ್ನೂ ಹಾಕಿದೆ. ಆಮೇಲೆ ಬಾಗಿಲಿಗೆ ಬೀಗ ಜಡಿದು, ಬಟ್ಟೆ ಸುತ್ತಿ, ಅರಗು ಕರಗಿಸಿ ಮೊಹರು ಒತ್ತಿದೆವು. ಅರಗಿನ ಊರಿಗೆ ಬೆಂಗಳೂರಿನಿಂದ ಅರಗು ಕೊಂಡು ಹೋಗಿದ್ದೆವು ಎಂಬುದು ಈಗ ನೆನೆದರೆ ನಗು ಬರುತ್ತದೆ.

ಗೇಟಿನ ಹೊರಗೆ ಒಬ್ಬರು ಕಾಯುತ್ತಿದ್ದರು. ರಹಮತ್ ಸಾಬರು. ನಮ್ಮ ಬೀದಿಯ ಕೊನೆಯ ಮನೆಯವರು. ನಾನು ಲಂಗ ತೊಟ್ಟು ಓಡಾಡುತ್ತಿದ್ದ ಕಾಲದಿಂದ ಅವರನ್ನು ಚಾಚಾ ಎಂದೇ ಕರೆದವಳು. ಆ ಕಾರ್ಖಾನೆ ಶುರುವಾದ ದಿನದಿಂದ ಮುಚ್ಚಿದ ದಿನದವರೆಗೂ ಅವರು ಅಲ್ಲೇ ಇದ್ದರು. ನನ್ನ ಕರಿ ಕೋಟು ನೋಡಿ ಮರ್ಯಾದೆಗೆ ಎರಡು ಹೆಜ್ಜೆ ಹಿಂದೆ ನಿಂತರು.

"ಲಾಯರಮ್ಮಾ, ನಮ್ಮ ಉಳಿ ಒಳಗೈತೆ."

"ನಿಮ್ಮದು ಅಂತ ಬಿಲ್ ಇದೆಯಾ ಚಾಚಾ?"

"ಉಳಿಗೆ ಬಿಲ್ಲಾ!" ಅವರಿಗೆ ನಿಜಕ್ಕೂ ನಗು ಬಂತು. "ಹಳೇ ಲಾರಿ ಸ್ಪ್ರಿಂಗ್ ಪಟ್ಟಿ ತಕ್ಕೊಂಡೋಗಿ ಕುಲುಮೇಲಿ ಬಡ್ಸಿದ್ದು. ಅದ್ರ ಮರದ ಇಡೀನೂ ನಾನೇ ಕಡ್ಕೊಂಡಿದ್ದು. ಅವಿಲ್ದಿದ್ರೆ ಬ್ಯಾರೆ ಕಡೆ ಕೆಲ್ಸಕ್ಕೂ ಓಗಕಾಗಲ್ಲ ನಂಗೆ."

ಒಂದು ಫಾರಂ ಕೊಟ್ಟೆ. ದಾಖಲೆ ಲಗತ್ತಿಸಿ ಎಂದೆ. ದಾಖಲೆ ಇಲ್ಲದಿದ್ದರೆ ಆ ಚೀಲ ಬೇರೆ ಸಾಮಾನಿನ ಜೊತೆ ಹರಾಜಿಗೆ ಹೋಗುತ್ತದೆ, ಕೊಳ್ಳುವವರು ಗುಜರಿಯವರು, ಹದಿನೈದು ದಿನ ಟೈಮಿದೆ ಎಂದೂ ಹೇಳಿದೆ. ಎಲ್ಲವನ್ನೂ ಕಾನೂನಿನ ಪ್ರಕಾರ ಸರಿಯಾಗಿಯೇ ಹೇಳಿದೆ, ಅದೇ ನನಗೆ ಇವತ್ತಿಗೂ ಕುಟುಕುವುದು.

ಮನೆಗೆ ಬಂದು ಊಟಕ್ಕೆ ಕೂತಾಗ ಅವ್ವನಿಗೆ ಇದನ್ನು ಹೇಳಿದೆ. ಅವ್ವ ಸೌಟು ಹಿಡಿದುಕೊಂಡೇ ನಿಂತಳು.

"ಥೂ ನಿನ್ನ! ಉಳಿ ಯಾವತ್ತಾರ ಕಂಪ್ನೀದಾಯ್ತದೇನೇ? ಏಟು ತಿಂದಿದ್ದು ಮರ್ತೋಯ್ತಾ?"

ಮರೆತೇ ಹೋಗಿತ್ತು. ನಮ್ಮ ಬೀದಿಯ ಕಟ್ಟುಪಾಡು ಇದು: ಮಾಲೀಕ ಲೇತು ಕೊಡುತ್ತಾನೆ, ಮರ ಕೊಡುತ್ತಾನೆ, ಅರಗು, ಕರೆಂಟು ಎಲ್ಲ ಕೊಡುತ್ತಾನೆ. ಉಳಿ ಮಾತ್ರ ಕೆಲಸದವನದು. ಸಂಜೆ ಅದನ್ನು ಲೇತಿನ ಮೇಲೆ ಬಿಟ್ಟು ಹೋದರೆ ನಾಳೆ ಬರುತ್ತೇನೆಂದು ಅರ್ಥ. ಉಳಿ ಕಟ್ಟಿಕೊಂಡು ಹೋದರೆ ಕೆಲಸ ಬಿಟ್ಟ ಎಂದು ಅರ್ಥ. ಮಾತಿಲ್ಲ, ಕಾಗದವಿಲ್ಲ. ಏಳೆಂಟು ವರ್ಷದವಳಿದ್ದಾಗ ಇದೇ ರಹಮತ್ ಸಾಬರು ಆಗಿನ ಮಾಲೀಕನ ಲೇತಿನ ಮೇಲೆ ಬಿಟ್ಟಿದ್ದ ಒಂದೇ ಉಳಿಯನ್ನು ಪೆನ್ಸಿಲ್ ಕೆತ್ತಲು ಎತ್ತಿಕೊಂಡು ಬಂದಿದ್ದೆ. ಚಾಚಾ ಕೆಲಸ ಬಿಟ್ಟರೆಂದು ಬೀದಿಯೆಲ್ಲ ಗುಲ್ಲಾಗಿ, ಮಾಲೀಕ ಮನೆಗೆ ಓಡಿಬಂದು, ಕೊನೆಗೆ ಉಳಿ ನನ್ನ ಸ್ಲೇಟಿನ ಚೀಲದಲ್ಲಿ ಸಿಕ್ಕಿ ಅವ್ವ ಬಾರಿಸಿದ್ದಳು.

ಕಾರ್ಖಾನೆ ನಿಲ್ಲುತ್ತದೆಂದು ಅವರಿಗೆಲ್ಲ ಒಂದು ತಿಂಗಳು ಮೊದಲೇ ಗೊತ್ತಿತ್ತಂತೆ. ಆದರೂ ಒಬ್ಬರೂ ಉಳಿ ಒಯ್ಯಲಿಲ್ಲ. ಒಯ್ದರೆ ತಾವಾಗಿ ಕೆಲಸ ಬಿಟ್ಟ ಹಾಗೆ. ಮತ್ತೆ ತೆರೆದಾಗ ಯಾವ ಮುಖ ಇಟ್ಟುಕೊಂಡು ಹೋಗುವುದು? ಹಾಗಾಗಿ ಇಪ್ಪತ್ತೆರಡು ಜನವೂ ಕೊನೆಯ ದಿನ ಉಳಿಗಳನ್ನು ಒರೆಸಿ, ಸಾಲಾಗಿ ಇಟ್ಟು, ನಾಳೆ ಬರುವವರ ಹಾಗೆ ಎದ್ದು ಹೋಗಿದ್ದರು. ಆ ಮರ್ಯಾದೆಯನ್ನು ನಾನು ಒಂದು ಚೀಲ ಎಂದು ಬರೆದುಕೊಂಡಿದ್ದೆ. ಅವತ್ತು ನನಗೆ ಅನ್ನ ಇಳಿಯಲಿಲ್ಲ. ನಾಚಿಕೆಯಾಯಿತು, ಬೇರೇನಲ್ಲ.

ಮಾರನೆಯ ದಿನ ಲಿಕ್ವಿಡೇಟರ್ ಮುಂದೆ ತಪ್ಪೊಪ್ಪಿಕೊಂಡೆ. ಅವರು ಕನ್ನಡಕ ತೆಗೆದು ಒರೆಸಿ, "ಮೇಡಂ, ಲಿಸ್ಟ್ ಬರೆದೋರು ನೀವೇ" ಎಂದರು. ನಿಜ ಎಂದೆ. ಬೇರೆಯವರ ಸೊತ್ತನ್ನು ಮಾರುವಂತಿಲ್ಲ, ಆದರೆ ಬೇರೆಯವರದು ಎಂದು ತಿಳಿಯುವುದು ಹೇಗೆ ಎಂದರು. ಉಳಿಯ ಹಿಡಿಗಳನ್ನು ನೋಡಿದರೆ ತಿಳಿಯುತ್ತದೆ ಎಂದೆ. ಎಲ್ಲರನ್ನೂ ಒಂದೇ ದಿನ ಕರೆಸೋಣ, ಒಂದೇ ಒಂದು ಉಳಿಗೆ ಇಬ್ಬರು ಜಗಳವಾಡಿದರೂ ಚೀಲ ಹರಾಜಿಗೆ ಹೋಗಲಿ ಎಂದು ಅವರೇ ಷರತ್ತು ಹಾಕಿದರು.

ಆ ದಿನ ಕಾರ್ಖಾನೆಯ ಬೀಗ ತೆಗೆದು ಟಾರ್ಪಾಲಿನ ಮೇಲೆ ಚೀಲ ಸುರಿದರು. ನೂರಕ್ಕೂ ಮೇಲೆ ಉಳಿ. ಪ್ರತಿಯೊಬ್ಬರೂ ತಮ್ಮ ಉಳಿಯ ಹಿಡಿಯನ್ನು ತಾವೇ ಕಡೆದು ತಮ್ಮದೇ ಬಣ್ಣದ ಪಟ್ಟೆ ಹಾಕಿಕೊಂಡಿರುತ್ತಾರೆ. ಒಬ್ಬೊಬ್ಬರಾಗಿ ಬಂದು, ರಾಗಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿಕೊಂಡು ಹೋದರು. ಒಬ್ಬರೂ ಇನ್ನೊಬ್ಬರದನ್ನು ಮುಟ್ಟಲಿಲ್ಲ. ರಹಮತ್ ಸಾಬರ ಬಲಗೈ ತೋರುಬೆರಳು ಮಡಚುವುದಿಲ್ಲ, ಯಾವ ಕಾಲದಲ್ಲೋ ಮುರಿದು ಹಾಗೇ ಕೂಡಿಕೊಂಡದ್ದು. ಅವರ ಐದು ಉಳಿಗಳ ಹಿಡಿಯಲ್ಲೂ ಆ ಬೆರಳು ಕೂರುವಂತೆ ಒಂದು ತಗ್ಗು ಕೊರೆದಿತ್ತು. ಲಿಕ್ವಿಡೇಟರ್ ಒಂದನ್ನು ತಾವೇ ಹಿಡಿದು ನೋಡಿದರು, ಕೈಗೆ ಕೂರಲಿಲ್ಲ. "ಇದು ಬಿಲ್ಲಿಗಿಂತ ಗಟ್ಟಿ" ಎಂದು ರುಜು ಹಾಕಿದರು.

ಎಲ್ಲರೂ ಹೋದ ಮೇಲೆ ನೋಡುತ್ತೇನೆ, ಮೂಲೆಯ ಲೇತಿನ ಮೇಲೆ ಒಂದು ಸಣ್ಣ ಉಳಿ ಒಂಟಿಯಾಗಿ ಮಲಗಿದೆ. ಮೂರು ಹಳದಿ ಪಟ್ಟೆ, ಒಂದು ಕೆಂಪು, ಬೆರಳಿನ ತಗ್ಗು. ಗೇಟಿನ ಹತ್ತಿರ ಓಡಿದೆ.

"ಚಾಚಾ, ಒಂದು ಬಿಟ್ಟಿದ್ದೀರಿ."

"ಗೊತ್ತು ತಾಯಿ. ನಾಕು ಸಾಕು ನಂಗೆ. ಎಲ್ಲಾ ತಕ್ಕೊಂಡೋದ್ರೆ ಕೆಲ್ಸ ಬುಟ್ಟೋದಂಗೆ ಆಯ್ತದಲ್ವ? ಅದೊಂದು ಇರ್ಲಿ."

ಎರಡು ತಿಂಗಳಿಗೆ ಲೇತುಗಳು ಗುಜರಿಗೆ ಹೋದವು. ಲಾರಿಗೆ ಹೇರುವ ಮೊದಲು ಆ ಉಳಿಯನ್ನು ಎತ್ತಿ ಫೈಲಿನೊಳಗೆ ಇಟ್ಟುಕೊಂಡೆ. ಇಷ್ಟು ವರ್ಷದ ವೃತ್ತಿಯಲ್ಲಿ ರಶೀದಿ ಇಲ್ಲದೆ ನಾನು ಎತ್ತಿಕೊಂಡ ಸಾಮಾನು ಅದೊಂದೇ. ಅವತ್ತೇ ಕೊಂಡುಹೋಗಿ ಅವರ ಕೈಗೆ ಕೊಡಬಹುದಿತ್ತು. ಕೊಟ್ಟರೆ ಲೇತು ಹೋಯಿತೆಂದು ಹೇಳಬೇಕಲ್ಲ, ಆ ಧೈರ್ಯ ಬರಲಿಲ್ಲ. ರಂಜಾನಿಗೆ ನಾನು ಫೋನು ಮಾಡುತ್ತೇನೆ, ಯುಗಾದಿಗೆ ಅವರು ಮಾಡುತ್ತಾರೆ. ಎರಡೂ ಸಲ ಕೊನೆಗೆ ಒಂದೇ ಪ್ರಶ್ನೆ: "ನಮ್ಮ ಉಳಿ ಅಲ್ಲೇ ಐತಾ ಲಾಯರಮ್ಮ?" ನಾನು ಮೇಜಿನ ಮೇಲಿನ ಉಳಿ ನೋಡುತ್ತಾ, "ಐತೆ ಚಾಚಾ" ಎನ್ನುತ್ತಿದ್ದೆ. ನಾಲ್ಕು ವರ್ಷ ಹೀಗೇ ಸುಳ್ಳು ಹೇಳಿದೆ.

ನಿನ್ನೆ ಬಂದ ಆದೇಶ ಆ ಕಂಪನಿಯದು. ಇನ್ನು ಅದು ಕಾಗದದಲ್ಲೂ ಇಲ್ಲ, ವಿಸರ್ಜನೆಯಾಯಿತು. ಬೆಳಿಗ್ಗೆ ಆ ಅರಗಿನ ವಾಸನೆ ಬಂದಾಗ ಸಾಕೆನಿಸಿತು. ಉಳಿಯನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನದ ರೈಲು ಹಿಡಿದೆ. ರಾಮನಗರದಲ್ಲಿ ಇಳಿಯದೆ ಮುಂದಿನ ನಿಲ್ದಾಣ ಚನ್ನಪಟ್ಟಣಕ್ಕೆ ಹೋದೆ.

ರಹಮತ್ ಸಾಬರು ಮನೆಯ ಮುಂದಿನ ಶೀಟಿನ ಕೆಳಗೆ ಮಗನ ಲೇತಿನಲ್ಲಿ ಬುಗುರಿ ಕಡೆಯುತ್ತಿದ್ದರು. ಮಿಷನ್ ನಿಲ್ಲಿಸಿದರು. ನಿಂತುಕೊಂಡೇ ಎಲ್ಲ ಹೇಳಿಬಿಟ್ಟೆ: ಕಂಪನಿ ಇನ್ನಿಲ್ಲ, ಲೇತು ಯಾವತ್ತೋ ಗುಜರಿಗೆ ಹೋಯಿತು, ಉಳಿ ನನ್ನ ಹತ್ತಿರ ಇತ್ತು, ನಾನು ಸುಳ್ಳು ಹೇಳುತ್ತಿದ್ದೆ. ಪೇಪರಿನ ಸುತ್ತನ್ನು ಅವರ ಕೈಗಿಟ್ಟೆ. ಅವರು ಪೇಪರು ಬಿಚ್ಚಿ ಉಳಿಯ ಬಾಯಿಯನ್ನು ಹೆಬ್ಬೆರಳಿಂದ ಮುಟ್ಟಿ ನೋಡಿದರು.

"ಮೊಂಡಾಗೋಗೈತೆ. ಏನ್ ಕೆಲ್ಸ ತಕ್ಕೊಂಡ್ರಿ ಇದ್ರ ಕೈಲಿ?"

"ಲಕೋಟೆ ಒಡೀತಿದ್ದೆ."

ಅವರು ತಲೆಯಾಡಿಸಿದರು. "ಮಿಸೀನೆಲ್ಲಾ ಓಗಿದ್ದು ನಂಗೊತ್ತು ಬುಡಿ. ಗುಜರಿ ಲಾರಿ ಈ ರಸ್ತೇಲೇ ಓಯ್ತಲ್ಲ. ನಮ್ಮ ಮೂಲೆ ಲೇತು ಎಲ್ಲಾದ್ಕೂ ಮೇಲಿತ್ತು."

"ಮತ್ತೆ ವರ್ಷಕ್ಕೆರಡು ಸಲ ಕೇಳ್ತಿದ್ರಲ್ಲ ಚಾಚಾ?"

"ನೀವು ಐತೆ ಅಂತಿದ್ರಿ" ಎಂದರು. "ಒಸಿ ಚೆನ್ನಾಗಿರೋದು ಕೇಳಕ್ಕೆ."

ಆಮೇಲೆ ಆ ಉಳಿಯನ್ನು ಕಲ್ಲಿಗೆ ಹಿಡಿದು ನಿಧಾನವಾಗಿ ಮಸೆದರು. ಒರೆಸಿ, ಬೇರೆ ನಾಲ್ಕರ ಜೊತೆ ಸಾಲಿಗೆ ಇಟ್ಟು, ಮಿಷನ್ ಹಾಕಿ ಬುಗುರಿಗೆ ಹಳದಿ ಅರಗು ಒತ್ತಿದರು. ನಾನು ಬುಗುರಿ ಮುಗಿಯುವವರೆಗೂ ಅಲ್ಲೇ ಕೂತಿದ್ದೆ. ನಾಳೆ ಲಕೋಟೆ ಒಡೆಯಲು ಶಿವಣ್ಣನವರ ಹತ್ತಿರ ಕತ್ತರಿ ಕೇಳಬೇಕು.