ಸುದ್ದಿ ಒಳಗೆ ಹೋಗುವ ದಾರಿ

ದೇವರ ಮನೆಯ ಹೋಲಿಕೆಯನ್ನು ಮೊದಲು ಎತ್ತಿದ್ದು ನಾನೋ, ಅಣ್ಣನ ಹೆಂಡತಿ ನಮ್ಮ ವೈನಿಯೋ? ನನಗೀಗ ಖಾತ್ರಿಯಿಲ್ಲ. ಅಣ್ಣನನ್ನು ಕೇಳಿದರೆ ತಾನೇ ಹೇಳಿದ್ದು ಅನ್ನುತ್ತಾನೆ. (ಅವನು ಆಗ ಪೇಪರ್ ಓದುತ್ತಿದ್ದ. ಓದುತ್ತಿದ್ದ ಎಂದು ನನ್ನ ನೆನಪು.) ಮಾತು ನಡೆದು ವಾರವೂ ಆಗಿಲ್ಲ. ಇಂಥ ತಲೆ ಇಟ್ಟುಕೊಂಡು ನಾನು ಅಂಕಣ ಬರೆಯುತ್ತೇನೆ, ನೀವು ನಂಬಿ ಓದುತ್ತೀರಿ. ಇಬ್ಬರದೂ ಧೈರ್ಯವೇ.

ಸವದತ್ತಿಯಿಂದ ಅಣ್ಣ ಫೋನ್ ಮಾಡಿದ್ದ. "ಬಂದು ನಿಮ್ಮ ವೈನಿಗೆ ಒಂಚೂರು ತಿಳಿಸಿ ಹೇಳೋ. ನನ್ನ ಮಾತು ಮುಗೀತು." ಬೈಲಹೊಂಗಲದಲ್ಲಿ ಬಸ್ಸಿಗೆ ಕಾದು, ಮುರಗೋಡದವರೆಗೆ ನಿಂತು, ಆಮೇಲೆ ಸೀಟು ಸಿಕ್ಕು, ದಣಿದೇ ಇಳಿದೆ.

ವೈನಿಗೆ ಕೈಗಂಟುಗಳ ಬಾವು. ದೇಹದ ಕಾವಲು ಪಡೆ ತನ್ನದೇ ಕೀಲುಗಳ ಮೇಲೆ ಬೀಳುವ ಕಾಯಿಲೆ. ಹಳೆಯ ಔಷಧ ಸಾಲದೆಂದು ಧಾರವಾಡದ ಡಾಕ್ಟರು ರಕ್ತ, ಎಕ್ಸ್‌ರೇ ಎಲ್ಲ ನೋಡಿ ಹೊಸ ಗುಳಿಗೆ ಬರೆದಿದ್ದರು. ಅದು ಕಪಾಟಿನಲ್ಲಿ ಬಿಚ್ಚದೇ ಕೂತಿತ್ತು.

ನಮ್ಮ ಮನೆತನದಲ್ಲಿ ಮಡಿಸೀರೆಯನ್ನು ಉಡುವವರೇ ಹಿಂಡಿ ಒಣಹಾಕಬೇಕು. ಬೇರೆಯವರು ಮುಟ್ಟುವಂತಿಲ್ಲ. ವೈನಿಯ ಬೆರಳಿಗೆ ಹಿಂಡುವ ಬಲ ಉಳಿದಿಲ್ಲ. ನೀರು ಸೋರುವ ಸೀರೆಯನ್ನೇ ಗಳದ ಮೇಲೆ ಎಳೆದು ಹಾಕುತ್ತಾರೆ, ಬೆಳಿಗ್ಗೆ ಹಸಿಯಾಗಿಯೇ ಉಡುತ್ತಾರೆ. ಔಷಧವಿಲ್ಲದೆ ಹೀಗೇ ಬಿಟ್ಟರೆ ಕೀಲುಗಳು ಸೊಟ್ಟಗಾಗಿ ಅಲ್ಲೇ ನಿಲ್ಲುತ್ತವೆ ಎಂದು ಡಾಕ್ಟರು ಹೇಳಿಯಾಗಿತ್ತು.

"ನಾ ಹಿಂಡಿ ಕೊಡ್ತೀನಂದ್ರ ಕೇಳೂದಿಲ್ಲ" ಎಂದ ಅಣ್ಣ.

"ಹಾಸಗ್ಯಾಗ ಚಹಾ ಕುಡದ ಕೈಲೆ ನನ್ನ ಸೀರಿ ಮುಟ್ಟತಾರಂತ" ಎಂದರು ವೈನಿ. ಆಮೇಲೆ ನನ್ನ ಕಡೆ ತಿರುಗಿದರು. "ನೋಡಪಾ, ಕೊರೋನಾ ಬಂದಾಗ ರೋಗ ತಡಿಯೂ ಶಕ್ತಿ ಬರಲಿ ಅಂತ ಕಷಾಯ ಕುಡಿಸಿದ್ರಿ. ಈಗ ಆ ಶಕ್ತಿ ಇಳಸಲಿಕ್ಕೆ ಗುಳಿಗಿ ತಗೋ ಅಂತೀರಿ. ಯಾವುದರೆ ಒಂದು ಹೇಳ್ರಿ."

ಬಯೋಕೆಮಿಸ್ಟ್ರಿ ಓದಿದವನು ನಾನು. ಓದಿದ್ದು ಯಾವ ಕಾಲದಲ್ಲೋ. ನೆನಪಿದ್ದಷ್ಟು ಹೇಳಿದೆ. ವೈರಿ ಬಂದ ಎಂಬ ಸುದ್ದಿ ಜೀವಕೋಶದ ಹೊರಬಾಗಿಲಿಗೆ ಬರುತ್ತದೆ. ಅದನ್ನು ಒಳಗೆ ಮುಟ್ಟಿಸಲು ಒಂದು ಪ್ರೊಟೀನು ಇದೆ. ಬಾಗಿಲಲ್ಲಿ ಅದಕ್ಕೊಂದು ಮುದ್ರೆ ಬೀಳುತ್ತದೆ, ಮುದ್ರೆ ಬಿದ್ದವು ಎರಡೆರಡು ಜೋಡಿಯಾಗುತ್ತವೆ. ಆದರೆ ಕೋಶದ ನಡುವಿನ ಕೇಂದ್ರಕ್ಕೆ, ಅಂದರೆ ನ್ಯೂಕ್ಲಿಯಸ್ಸಿಗೆ, ತಾವೇ ನುಗ್ಗುವಂತಿಲ್ಲ. ಹೊತ್ತು ಒಯ್ಯಲು ಬೇರೊಂದು ಪ್ರೊಟೀನು ಬೇಕು. ಅದು ಸಣ್ಣ ಕಿಂಡಿಯಿಂದ ಒಳಗೆ ಒಯ್ದು, ಇಳಿಸಿ, ಮತ್ತೊಂದು ಹೊರೆಗೆ ಹೊರಬರುತ್ತದೆ. ಒಳಗೆ ಸುದ್ದಿ ಮುಟ್ಟಿದ ಮೇಲೆ ಹೊಡೆಯಿರಿ ಎಂಬ ಹುಕುಂ ಹೊರಡುತ್ತದೆ.

ಇಲ್ಲೇ ನಮ್ಮಲ್ಲಿ ಯಾರೋ ದೇವರ ಮನೆಯ ಮಾತು ತೆಗೆದರು. ಹೂವು ಯಾರೇ ತರಲಿ, ಹೊಸ್ತಿಲ ಹೊರಗೆ ಇಡಬೇಕು. ಮಡಿಯಲ್ಲಿದ್ದವರು ನೀರು ಚಿಮುಕಿಸಿ ಒಳಗೆ ಒಯ್ಯಬೇಕು.

"ಹಂಗಾರ ಗುಳಿಗಿ ಮಡಿಯಾಕಿನ್ನ ತಡೀತದ?" ವೈನಿಗೆ ಸಿಟ್ಟೇ ಬಂತು. "ಆಕೀನ್ನ ತಡದ್ರ ಪೂಜಿ ಹೆಂಗ ಆಗಬೇಕು? ನೈವೇದ್ಯ ಯಾರು ಒಯ್ಯಬೇಕು?"

"ಆಕೀನ್ನ ಮುಟ್ಟೂದಿಲ್ರಿ ವೈನಿ. ಆಕಿ ಮತ್ತೇನೇನೋ ಒಯ್ಯಬೇಕಲ್ಲ. ಗುಳಿಗಿ ಹೊರಗ ಮುದ್ರಿ ಬೀಳೂದನ್ನ ಕಡಿಮಿ ಮಾಡತದ, ಅಷ್ಟ. ಆದ್ರ ಖರೇ ವೈರಿ ಬಂದ ಸುದ್ದೀನೂ ಸ್ವಲ್ಪ ತಡೀತದ. ಜ್ವರ ಬಂದ್ರ ತಡಾ ಮಾಡದ ಡಾಕ್ಟರಿಗೆ ಹೇಳಬೇಕು."

"ನನ್ನ ಕೈಯಾಗ ಯಾವ ವೈರಿ ಇದ್ದಾನ?"

"ಯಾರೂ ಇಲ್ಲ. ಸುದ್ದಿ ಸುಳ್ಳು."

"ಸುಳ್ಳು ಸುದ್ದಿ ಒಳಗ ಯಾಕ ಬಿಟ್ಟಕೋತಾರ?"

ಕಿಂಡಿ ಮುದ್ರೆ ನೋಡುತ್ತದೆ, ಸತ್ಯ ನೋಡುವುದಿಲ್ಲ. ನಮ್ಮ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ನಡೆಯುವುದೂ ಅದೇ ಅಲ್ಲವೇ? ಗುರುತಿನವರು ಕಳಿಸಿದರೆ ಸಾಕು, ಸುದ್ದಿ ನೇರ ತಲೆಯೊಳಗೆ. ಹೊಡೆದಾಟ ಮುಗಿದ ಮೇಲೆ ಯಾರಾದರೂ ವಿಚಾರಿಸಿದರೆ ಅದೃಷ್ಟ. ಅಂಥವರಿಗೆ ತಿಳಿಹೇಳಿ ಹೇಳಿ ನಾನಂತೂ ಸೋತಿದ್ದೇನೆ.

ವೈನಿ ಬೆರಳು ನೀವಿಕೊಂಡರು. ಮಡಚಲು ಹೋಗಿ ಅರ್ಧಕ್ಕೆ ಬಿಟ್ಟರು.

"ಇನ್ನೊಂದು ಹೇಳು. ಈಗಾಗಲೇ ಒಳಗ ಹೋದದ್ದು? ಅದು ಜನ್ಮಪೂರ್ತಿ ಅಲ್ಲೇ ಕೂಡತದೇನು? ಹಂಗಿದ್ರ ಹೊರಗ ತಡದು ಏನ್ ಉಪಯೋಗ? ಗುಳಿಗಿ ಸುಮ್ಮನ ಯಾಕ ನುಂಗಲಿ?"

ನಾನು ಉತ್ತರ ಕೊಟ್ಟೆ. ಏನೆಂದು ಕೊಟ್ಟೆ? "ಹೊರಗ ಬರತದ" ಎಂದೆನೋ, "ಬರಬೇಕು" ಎಂದೆನೋ. ಎರಡರ ನಡುವೆ ಎಷ್ಟು ಅಂತರವಿದೆ ಎಂಬುದು ವೈನಿ ಎದ್ದು ಕಪಾಟು ತೆರೆದಾಗ ತಿಳಿಯಿತು.

"ಆತು. ನಾಳಿಂದ ತಗೋತೀನಿ. ನೀ ಹೇಳಿದಿ ಅಂತ."

ನಾನು ಹೇಳಿದೆ ಅಂತ. ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಸೀಟೇ ಸಿಕ್ಕಿತ್ತು, ಆದರೂ ನಿದ್ದೆ ಹತ್ತಲಿಲ್ಲ. ಯಾವ ತರಗತಿಯಲ್ಲಿ ಕೇಳಿದ್ದೆ, ಅದು ಹೊರಗೆ ಬರುತ್ತದೆಂದು? ಕೇಳಿದ್ದೆನೇ, ಅಥವಾ ಆ ಕೈಗಳನ್ನು ನೋಡಿ ಆ ಕ್ಷಣಕ್ಕೆ ಹುಟ್ಟಿಸಿಕೊಂಡೆನೇ?

ಮನೆಗೆ ಬಂದವನು ಚಪ್ಪಲಿ ಕಳೆಯುವ ಮೊದಲೇ ಹುಡುಕಲು ಕೂತೆ. ಒಂದು ಕಡೆ ಓದಿದ್ದನ್ನು ನಂಬದೆ ಇನ್ನೊಂದು ಕಡೆಯೂ ನೋಡಿದೆ.

ಹೌದು. ಕೇಂದ್ರದೊಳಗೆ ಆ ಪ್ರೊಟೀನಿನ ಮುದ್ರೆಯನ್ನು ಅಳಿಸುವವರಿದ್ದಾರೆ. ಅಳಿಸಿದ ಮೇಲೆ ಅದು ಹೊರಗೆ ಬರುತ್ತದೆ.